ಡಾಕ್ಟರ್ ಬರೆಯದ ಕಾಯಿಲೆಗೆ ಕೋಡ್ ಹಾಕಬೇಡಿ

ಡಾಕ್ಟರ್ ಬರೆದ ಕಾಯಿಲೆಯನ್ನು ಬಿಲ್ಲಿಗಾಗಿ ಕೋಡ್‌ಗೆ ಇಳಿಸುವ ಕೆಲಸ ಮೆಡಿಕಲ್ ಕೋಡಿಂಗ್. ಇದಕ್ಕೆ ಹೊಸದಾಗಿ ಬರುವವರಲ್ಲಿ ಬಿ.ಫಾರ್ಮ, ನರ್ಸಿಂಗ್ ಓದಿದವರು ಬೇಕಾದಷ್ಟು ಜನ. ರಿಪೋರ್ಟ್ ಓದಲು ಅವರಿಗೆ ಚೆನ್ನಾಗಿ ಬರುತ್ತದೆ. ತೊಂದರೆ ಶುರುವಾಗುವುದೂ ಅಲ್ಲೇ. ನೋಡಿದ ಕೂಡಲೇ ಕಾಯಿಲೆ ಹೊಳೆದುಬಿಡುತ್ತದೆ, ಕೈ ಕೋಡ್ ಹೊಡೆದುಬಿಡುತ್ತದೆ. ಈ ಚಾಳಿ ಬಿಡಿಸಲು ನಾನು ಟ್ರೇನಿಂಗ್‌ನಲ್ಲಿ ಮೈಯೊಸೈಟಿಸ್ ಚಾರ್ಟ್‌ಗಳನ್ನೇ (ರೋಗಿಯ ದಾಖಲೆ) ಮೊದಲು ಕೊಡುತ್ತೇನೆ. ಮೈಯೊಸೈಟಿಸ್ ಅಂದರೆ ಸ್ನಾಯುಗಳ ಉರಿಯೂತ.

ಹಾಸನದಲ್ಲಿ ಮನೆಯಲ್ಲೇ ಕೂತು ನಾವು ಮಾಡುವುದು ಅಮೆರಿಕದ ಆಸ್ಪತ್ರೆಗಳ ಕೆಲಸ. ಅಲ್ಲಿ 2015ರ ಅಕ್ಟೋಬರ್‌ನಿಂದ ಐಸಿಡಿ-10-ಸಿಎಂ ಎಂಬ ಕಾಯಿಲೆಗಳ ಕೋಡ್ ಪಟ್ಟಿ ನಡೆಯುತ್ತಿದೆ. ಪ್ರತಿ ವರ್ಷ ಅಕ್ಟೋಬರ್ 1ಕ್ಕೆ ಪಟ್ಟಿ ಬದಲಾಗುತ್ತದೆ. ಇಲ್ಲಿ ದಸರಾ ರಜೆಯ ಗಲಾಟೆ ಇರುವಾಗ ನಮಗೆ ಹೊಸ ಕೋಡ್ ಓದುವ ಗಲಾಟೆ.

ಮೊನ್ನೆ ಆಲೂರಿನ ಹುಡುಗಿಯೊಬ್ಬಳಿಗೆ ಒಂದು ಚಾರ್ಟ್ ಕೊಟ್ಟೆ. ಹೆಸರು, ಊರು ಎಲ್ಲ ತೆಗೆದ ಪ್ರಾಕ್ಟೀಸ್ ಚಾರ್ಟ್. ಒಬ್ಬ ಹೆಂಗಸಿಗೆ ಕುರ್ಚಿಯಿಂದ ಏಳಲು ಆಗುತ್ತಿಲ್ಲ, ಕೈ ಎತ್ತಿ ತಲೆ ಬಾಚಲು ಆಗುತ್ತಿಲ್ಲ. ಬೆರಳ ಗೆಣ್ಣುಗಳ ಮೇಲೆ ಕೆಂಪು ಗುಳ್ಳೆ, ಕಣ್ಣುರೆಪ್ಪೆ ನೇರಳೆ ಬಣ್ಣಕ್ಕೆ ತಿರುಗಿದೆ. ರಕ್ತದಲ್ಲಿ ಸಿಕೆ (ಸ್ನಾಯುಗಳಿಗೆ ಪೆಟ್ಟಾದರೆ ಏರುವ ಕಿಣ್ವ) ಸಾವಿರಗಳಲ್ಲಿದೆ. ಕೊನೆಗೆ ಡಾಕ್ಟರ್ ಬರೆದದ್ದು: ‘ಸಸ್ಪೆಕ್ಟೆಡ್ ಡರ್ಮಟೊಮೈಯೊಸೈಟಿಸ್, ಬಯಾಪ್ಸಿ ಮಾಡಿಸಬೇಕು.’ ಅಂದರೆ ಚರ್ಮಕ್ಕೂ ತಗುಲುವ ಮೈಯೊಸೈಟಿಸ್ ಇರಬಹುದೆಂಬ ಅನುಮಾನ.

ಹುಡುಗಿ ಡರ್ಮಟೊಮೈಯೊಸೈಟಿಸ್ ಕೋಡ್ ಎಂ33.10 ಹಾಕಿದ್ದಳು. ಯಾಕೆ ಅಂತ ಫೋನ್ ಮಾಡಿ ಕೇಳಿದೆ.

‘ಅಕ್ಕಾ, ಎಲ್ಲಾ ಲಕ್ಷಣಾನೂ ಇದೆಯಲ್ಲಾ. ಇನ್ನೇನು ಬೇಕು?’

‘ಡಾಕ್ಟರಿಗೇ ಇನ್ನೂ ಅನುಮಾನ ಇದೆ. ನಿನಗೆ ಹೇಗಮ್ಮ ಗ್ಯಾರಂಟಿ ಆಯ್ತು?’

ಹೊರರೋಗಿ ಚಾರ್ಟ್‌ನಲ್ಲಿ ‘ಸಸ್ಪೆಕ್ಟೆಡ್’, ‘ಪ್ರಾಬಬಲ್’, ‘ರೂಲ್ ಔಟ್’ ಅಂತ ಅನುಮಾನದ ಮಾತು ಇದ್ದರೆ ಆ ಕಾಯಿಲೆಗೆ ಕೋಡ್ ಹಾಕುವ ಹಾಗಿಲ್ಲ. ಗೊತ್ತಿರುವಷ್ಟಕ್ಕೆ ಮಾತ್ರ ಹಾಕಬೇಕು. ಸ್ನಾಯು ದೌರ್ಬಲ್ಯಕ್ಕೆ ಎಂ62.81, ಚರ್ಮದ ಗುಳ್ಳೆಗೆ ಆರ್21, ಸಿಕೆ ಏರಿದ್ದಕ್ಕೆ ಆರ್74.8. ನೋಡಲು ಬಡಪಾಯಿ ಕೋಡ್‌ಗಳು, ಆದರೆ ಸರಿ ಅವೇ. ಬಯಾಪ್ಸಿಯಲ್ಲಿ ಬೇರೇನೋ ಬಂತು ಅಂದುಕೊಳ್ಳಿ. ನಾವು ಹಾಕಿದ ಕಾಯಿಲೆ ಆ ಹೆಂಗಸಿನ ಇನ್ಶೂರೆನ್ಸ್ ದಾಖಲೆಯಲ್ಲಿ ಕೂತಿರುತ್ತದೆ. ತೆಗೆಸಲು ಅವಳೇ ಅಲೆಯಬೇಕು.

ತಮಾಷೆ ಏನೆಂದರೆ, ಇದೇ ಹೆಂಗಸು ಅಡ್ಮಿಟ್ ಆಗಿ, ಡಿಸ್ಚಾರ್ಜ್ ಹೊತ್ತಿಗೂ ಡಾಕ್ಟರ್ ‘ಪ್ರಾಬಬಲ್’ ಅಂತಲೇ ಬರೆದಿದ್ದರೆ ನಿಯಮ ತಲೆಕೆಳಗು. ಆಗ ಕಾಯಿಲೆ ಇದೆ ಎಂದೇ ಕೋಡ್ ಹಾಕಬೇಕು. ಅದೂ ಆಸ್ಪತ್ರೆಯ ಬಿಲ್ಲಿಗೆ ಮಾತ್ರ, ಡಾಕ್ಟರ್ ಫೀಸಿನ ಬಿಲ್ಲಿಗಲ್ಲ. ಇದು ಕೇಳಿ ಹುಡುಗಿ ಸ್ವಲ್ಪ ಹೊತ್ತು ಮಾತೇ ಆಡಲಿಲ್ಲ. ಆಲೂರಿನಲ್ಲಿ ಮಳೆ ಬಂದು ಕರೆಂಟ್ ಹೋಯಿತೇನೋ ಅಂದುಕೊಂಡೆ.

ಕಾಯಿಲೆ ಖಚಿತವಾದ ಮೇಲೂ ಕೆಲಸ ಸಲೀಸಲ್ಲ. ಸರ್ಚ್‌ನಲ್ಲಿ ಸುಮ್ನೆ ಮೈಯೊಸೈಟಿಸ್ ಅಂತ ಹೊಡೆದರೆ ಎಂ60.9 ಬರುತ್ತದೆ. ಯಾವ ಬಗೆ ಎಂದು ಡಾಕ್ಟರ್ ಬರೆಯದೇ ಇದ್ದಾಗ ಹಾಕುವ ಕೋಡ್ ಅದು. ಎಷ್ಟೋ ಜನ ಅಲ್ಲಿಗೇ ನಿಲ್ಲಿಸುತ್ತಾರೆ. ಡರ್ಮಟೊಮೈಯೊಸೈಟಿಸ್ ಮಕ್ಕಳಲ್ಲಾದರೆ ಎಂ33.0, ದೊಡ್ಡವರಲ್ಲಾದರೆ ಎಂ33.1, ಚರ್ಮಕ್ಕೆ ತಗುಲದ ಪಾಲಿಮೈಯೊಸೈಟಿಸ್‌ಗೆ ಎಂ33.2. ಇವುಗಳ ಮುಂದೆ ಸೇರುವ ಇನ್ನೊಂದು ಅಂಕಿ ಯಾವ ಅಂಗಕ್ಕೆ ತಗುಲಿದೆ ಎಂದು ಹೇಳುತ್ತದೆ. 1 ಇದ್ದರೆ ಶ್ವಾಸಾಂಗ, 2 ಇದ್ದರೆ ಸ್ನಾಯು, 0 ಅಂದರೆ ಬರೆದಿಲ್ಲ ಅಂತ. ಆ 0 ಇದೆಯಲ್ಲ, ಅದು ಸೋಮಾರಿಗಳ ಅಂಕಿ. ನಾಲ್ಕು ಪುಟ ಕೆಳಗೆ ಶ್ವಾಸಕೋಶದ ಡಾಕ್ಟರ್ ನೋಟ್ ಇರುತ್ತದೆ, ಸ್ಕ್ರಾಲ್ ಮಾಡಿರುವುದಿಲ್ಲ. ಕ್ಯಾನ್ಸರ್‌ನಿಂದ ಬಂದದ್ದಾದರೆ ಎಂ36.0, ಅದಕ್ಕೂ ಮೊದಲು ಕ್ಯಾನ್ಸರ್ ಕೋಡ್.

ನನಗೆ ಅತಿ ಇಷ್ಟದ್ದು ಇನ್‌ಕ್ಲೂಷನ್ ಬಾಡಿ ಮೈಯೊಸೈಟಿಸ್. ಹೆಚ್ಚಾಗಿ 50 ದಾಟಿದವರಿಗೆ ಬರುವ ಕಾಯಿಲೆ. ತೊಡೆ ಸೋಲುತ್ತದೆ, ಬೆರಳು ಮಡಚಿ ಹಿಡಿಯುವ ಶಕ್ತಿ ಹೋಗುತ್ತದೆ. ಸ್ಟೀರಾಯ್ಡ್ ಕೊಟ್ಟರೂ ಅಷ್ಟಾಗಿ ಬಗ್ಗುವುದಿಲ್ಲ. ಮೊದಮೊದಲು ಇದನ್ನು ಪಾಲಿಮೈಯೊಸೈಟಿಸ್ ಅಂತಲೇ ತಿಳಿಯುವುದುಂಟು. ಕೋಡ್ ಮಾತ್ರ ಸ್ನಾಯು, ಮೂಳೆಗಳ ಎಂ ಅಧ್ಯಾಯದಲ್ಲೇ ಇಲ್ಲ, ನರಮಂಡಲದ ಅಧ್ಯಾಯದಲ್ಲಿದೆ: ಜಿ72.41. ಹಳೇ ನೋಟ್‌ನಲ್ಲಿ ಪಾಲಿ, ಹೊಸ ನೋಟ್‌ನಲ್ಲಿ ಇನ್‌ಕ್ಲೂಷನ್ ಬಾಡಿ ಇದ್ದರೆ ಹಳೆಯದನ್ನು ಕಾಪಿ ಹೊಡೆಯುವವರು ಸಿಕ್ಕಿಬೀಳುವುದು ಇಲ್ಲೇ.

ಗೊಂದಲ ಇದ್ದರೆ ಡಾಕ್ಟರಿಗೆ ಕ್ವೆರಿ, ಅಂದರೆ ಬರೆದ ಪ್ರಶ್ನೆ, ಕಳಿಸಬೇಕು. ಅದರಲ್ಲೂ ಒಂದು ಸೂಕ್ಷ್ಮ ಇದೆ. ‘ಇದು ಡರ್ಮಟೊಮೈಯೊಸೈಟಿಸ್ ಅಲ್ವಾ?’ ಅಂತ ಕೇಳುವ ಹಾಗಿಲ್ಲ. ಉತ್ತರ ನಾವೇ ಬಾಯಿಗೆ ಇಟ್ಟ ಹಾಗಾಗುತ್ತದೆ. ಚಾರ್ಟ್‌ನಲ್ಲಿ ಇರುವ ಲಕ್ಷಣ, ಲ್ಯಾಬ್ ರಿಪೋರ್ಟ್ ಬರೆದು, ಇದಕ್ಕೆ ನಿಮ್ಮ ಡಯಾಗ್ನೋಸಿಸ್ ಏನು ಎಂದು ಕೇಳಬೇಕು. ಆಯ್ಕೆ ಕೊಡುವುದಾದರೆ ಒಂದೇ ಕೊಡಬಾರದು, ‘ಬೇರೆ’, ‘ಈಗ ಹೇಳಲಾಗದು’ ಎಂಬುದಕ್ಕೂ ಜಾಗ ಇರಬೇಕು.

ಪ್ರಾಕ್ಟೀಸ್‌ಗಾಗಿ ಅವಳಿಂದ ಒಂದು ಕ್ವೆರಿ ಬರೆಸಿದೆ. ಡಾಕ್ಟರ್ ಉತ್ತರ ನಾನೇ ಬರೆದು ಕಳಿಸಿದೆ: ‘ಇನ್‌ಫ್ಲಮೇಟರಿ ಮಯೋಪತಿ ಖಚಿತ, ಬಗೆ ಇನ್ನೂ ಗೊತ್ತಾಗಿಲ್ಲ.’ ಈ ಸಲ ಎಂ33 ಕಡೆಗೆ ಕೈ ಹೋಗಲಿಲ್ಲ. ಇಂಡೆಕ್ಸ್ ತೆಗೆದು, ಹುಡುಕಿ, ಬಗೆ ಗೊತ್ತಿಲ್ಲದ ಇನ್‌ಫ್ಲಮೇಟರಿ ಮಯೋಪತಿಯ ಕೋಡ್ ಜಿ72.49 ಹಾಕಿದಳು. ಪಕ್ಕದಲ್ಲೇ ಒಂದು ಕಾಮೆಂಟ್: ‘ಅಕ್ಕಾ, ಗುಳ್ಳೆ ನೋಡಿದ್ರೆ ಡರ್ಮಟೊನೇ. ಆದ್ರೂ ಹಾಕಿಲ್ಲ.’