ಡೀನ್ ಕುರ್ಚಿ ಬಿಟ್ಟು ವಾರ್ಡಿಗೆ ಹೋದ ಫ್ಲಾರೆನ್ಸ್

ಫ್ಲಾರೆನ್ಸ್ ಅಂದ ತಕ್ಷಣ ನೈಟಿಂಗೇಲ್, ದೀಪ, ಪ್ರತಿಜ್ಞೆ ಅಂತ ಶುರು ಮಾಡ್ಬೇಡಿ, ನಾನು ಹೇಳ್ತಿರೋದು ಫ್ಲಾರೆನ್ಸ್ ವಾಲ್ಡ್ ಬಗ್ಗೆ. ಅಮೆರಿಕದ ಯೇಲ್ ಯೂನಿವರ್ಸಿಟಿಯ ನರ್ಸಿಂಗ್ ಸ್ಕೂಲಿಗೆ ಡೀನ್ ಆಗಿದ್ದೋರು. ನರ್ಸಿಂಗ್ ಓದಿದೋರಿಗೆ ಹೆಂಡರ್ಸನ್, ಒರ್ಲ್ಯಾಂಡೊ, ವೀಡೆನ್‌ಬಾಕ್ ಹೆಸರೆಲ್ಲ ಗೊತ್ತಿರುತ್ತೆ, ಥಿಯರಿ ಚಾಪ್ಟರ್‌ಗೆ ಉರು ಹೊಡೆದಿರ್ತೀವಲ್ಲ, ಆ ಮೂರೂ ಜನ ಒಂದು ಕಾಲದಲ್ಲಿ ಯೇಲ್‌ನಲ್ಲೇ ಇದ್ದೋರು. ವಾಲ್ಡ್ ಹೆಸರು ಮಾತ್ರ ನಮ್ಮ ನೋಟ್ಸಲ್ಲಿ ಇರ್ಲಿಲ್ಲ. ಪರೀಕ್ಷೇಲಿ ಬಾಕ್ಸು, ಬಾಣ ಹಾಕಿ ಬರೆಯೋಕೆ ಅವರ ಹೆಸರಲ್ಲಿ ಒಂದು ಮಾಡೆಲ್ ಇಲ್ಲ, ಅದಕ್ಕೇ ಇರ್ಬೇಕು.

ಹುಟ್ಟಿದ್ದು 1917ರಲ್ಲಿ, ನ್ಯೂಯಾರ್ಕ್. ಚಿಕ್ಕಂದಿನಲ್ಲಿ ಉಸಿರಾಟದ ಕಾಯಿಲೆಯಿಂದ ಆಸ್ಪತ್ರೆಲೇ ಬಹಳ ದಿನ ಕಳೆದಿದ್ದಕ್ಕೆ ನರ್ಸ್ ಆಗ್ಬೇಕು ಅನ್ನಿಸಿದ್ದಂತೆ. 1941ರಲ್ಲಿ ಯೇಲ್‌ನಲ್ಲಿ ನರ್ಸಿಂಗ್ ಮುಗಿಸಿ, ಅಲ್ಲಿ ಇಲ್ಲಿ ಕೆಲಸ ಮಾಡಿ, 1956ರಲ್ಲಿ ಮತ್ತೆ ಯೇಲ್‌ನಲ್ಲೇ ಮೆಂಟಲ್ ಹೆಲ್ತ್ ನರ್ಸಿಂಗ್‌ನಲ್ಲಿ ಮಾಸ್ಟರ್ಸ್, ಮರುವರ್ಷ ಅಲ್ಲೇ ಮೇಡಂ, 1959ಕ್ಕೆ ಡೀನ್! ನಮ್ಮ ಕಡೆ ಟ್ಯೂಟರ್ ಆಗಿದ್ದೋರು ಲೆಕ್ಚರರ್ ಆಗೋಷ್ಟರಲ್ಲೇ ತಲೆ ಬೆಳ್ಳಗಾಗಿರುತ್ತೆ, ಇರ್ಲಿ ಬಿಡಿ.

ಆಗ ಅಲ್ಲಿನ ವಾರ್ಡ್‌ಗಳ ಪರಿಸ್ಥಿತಿ ಹೆಂಗಿತ್ತು ಅಂದ್ರೆ, ಕ್ಯಾನ್ಸರ್ ಪೇಷಂಟ್‌ಗೆ ಟ್ರೀಟ್‌ಮೆಂಟ್ ಕೆಲಸ ಮಾಡ್ತಿಲ್ಲ ಅಂತ ಡಾಕ್ಟರಿಗೆ ಗೊತ್ತಿದ್ರೂ ಹೇಳ್ತಿರ್ಲಿಲ್ಲ, ಪೇಷಂಟ್ ನರ್ಸನ್ನ ಕೇಳಿದ್ರೆ ನರ್ಸ್ ಬಾಯಿ ಬಿಡೋ ಹಂಗಿರ್ಲಿಲ್ಲ. ಓದ್ತಾ ಓದ್ತಾ ಇದೇನು ನಮ್ಮೂರಿನ ಕಥೆನಾ ಅನ್ನಿಸ್ತು ನಂಗೆ. ಇವತ್ತಿಗೂ ಮಗ ನರ್ಸಸ್ ಸ್ಟೇಷನ್ ಹತ್ರ ಬಂದು ಮೆಲ್ಲಗೆ, 'ಸಿಸ್ಟರ್, ಅಪ್ಪಂಗೆ ಬರೀ ಗಡ್ಡೆ ಅಂತ ಹೇಳಿದೀವಿ, ಬೇರೆ ಏನೂ ಹೇಳ್ಬೇಡಿ' ಅಂತಾನೆ. ಒಳಗೆ ಹೋದ್ರೆ ಅಪ್ಪ ಕೈ ಹಿಡ್ಕೊಂಡು 'ಏನಮ್ಮಾ, ಇದು ಅದೇನಾ?' ಅಂತ ಕೇಳ್ತಾರೆ. ಬಿಪಿ ಕಫ್ ಕಟ್ಟೋ ನೆಪದಲ್ಲಿ ತಲೆ ಬಗ್ಗಿಸ್ಕೊಂಡು ಬಿಡೋದು ಅಷ್ಟೇ.

1963ರಲ್ಲಿ ಲಂಡನ್‌ನಿಂದ ಸಿಸಿಲಿ ಸಾಂಡರ್ಸ್ ಯೇಲ್‌ಗೆ ಬಂದು ಲೆಕ್ಚರ್ ಕೊಟ್ರು. ಸಾಂಡರ್ಸ್ ಮೊದಲು ನರ್ಸ್, ಬೆನ್ನು ನೋವಿಂದ ಅದನ್ನ ಬಿಟ್ಟು ಆಸ್ಪತ್ರೆಲಿ ಸೋಶಿಯಲ್ ವರ್ಕ್, ಆಮೇಲೆ ಹಟ ಹಿಡಿದು ಡಾಕ್ಟರ್ ಆದೋರು. ಅವರು ಹೇಳಿದ್ದು ಕೇಳೋಕೆ ಬಹಳ ಸಿಂಪಲ್: ನೋವು ಬಂದ್ಮೇಲೆ ಔಷಧಿ ಕೊಡೋದಲ್ಲ, ಬರೋಕೆ ಮುಂಚೆನೇ ಗಡಿಯಾರ ನೋಡಿ ಕೊಡಿ. ನಾವು ಚಾರ್ಟಲ್ಲಿ 'ಎಸ್ಓಎಸ್', ಅಂದ್ರೆ ಬೇಕಾದಾಗ ಮಾತ್ರ ಕೊಡಿ, ಅಂತ ಬರೆದಿರೋ ಇಂಜೆಕ್ಷನ್‌ದು ಪಾಡು ನೆನೆಸ್ಕೊಳ್ಳಿ, ಪೇಷಂಟ್ ನರಳ್ಬೇಕು, ಅಟೆಂಡರ್ ಓಡಿ ಬರ್ಬೇಕು, ಸಿಸ್ಟರ್ ಡ್ಯೂಟಿ ಡಾಕ್ಟರಿಗೆ ಫೋನ್ ಮಾಡ್ಬೇಕು, ಅಷ್ಟೊತ್ತಿಗೆ ಅರ್ಧ ರಾತ್ರಿ ಕಳೆದಿರುತ್ತೆ, ನೋವು ತಲೆಗೇರಿ ಕೂತಿರುತ್ತೆ. ಸಾಂಡರ್ಸ್ ಜೊತೆಗೆ ಇನ್ನೊಂದು ಮಾತೂ ಹೇಳ್ತಿದ್ರು, ನೋವು ಬರೀ ಮೈದಲ್ಲ, ಮನಸ್ಸಿಂದು, ಮನೆಯೋರದ್ದು, ನಂಬಿಕೆದು ಎಲ್ಲಾ ಸೇರಿರುತ್ತೆ ಅಂತ. ಇದನ್ನೆಲ್ಲ ನೋಡಿ ಸಂಕಟ ಪಡೋರು ನರ್ಸ್‌ಗಳು ಮಾತ್ರ ಅಂತ ಅಲ್ಲಿವರೆಗೂ ಅಂದ್ಕೊಂಡಿದ್ದ ವಾಲ್ಡ್‌ಗೆ ಒಬ್ರು ಡಾಕ್ಟರ್ ಬಾಯಲ್ಲಿ ಅದನ್ನ ಕೇಳಿ ಆಶ್ಚರ್ಯ ಆಗಿತ್ತು.

ಆಮೇಲೆ ಕೆಲವೇ ವರ್ಷಕ್ಕೆ ಡೀನ್ ಹುದ್ದೆ ಬಿಟ್ರು. 1967ರಲ್ಲಿ ಲಂಡನ್‌ನಲ್ಲಿ ಶುರುವಾದ ಸಾಂಡರ್ಸ್ ಅವರ ಸೇಂಟ್ ಕ್ರಿಸ್ಟೋಫರ್ಸ್ ಹಾಸ್ಪಿಸ್‌ಗೆ (ವಾಸಿಯಾಗದ ರೋಗಿಗಳನ್ನ ಕೊನೆ ದಿನಗಳಲ್ಲಿ ನೋವು ಕಮ್ಮಿ ಮಾಡಿ ನೋಡ್ಕೊಳ್ಳೋ ಜಾಗ) ಹೋಗಿ ಕೆಲಸ ಕಲಿತ್ರು. ವಾಪಸ್ ಬಂದು ಯೇಲ್ ಇರೋ ಊರು ನ್ಯೂ ಹೇವನ್‌ನಲ್ಲಿ ಒಬ್ರು ಸರ್ಜನ್, ಒಬ್ರು ಮಕ್ಕಳ ಡಾಕ್ಟರ್, ಒಬ್ರು ಪಾದ್ರಿ ಸೇರಿಸ್ಕೊಂಡು, ಸಾವಿಗೆ ಹತ್ರ ಇರೋ ರೋಗಿಗಳಿಗೂ ಮನೆಯೋರಿಗೂ ನಿಜವಾಗ್ಲೂ ಏನು ಬೇಕು ಅಂತ ಸ್ಟಡಿ ಮಾಡಿದ್ರು. ಗಂಡ ಹೆನ್ರಿ ಇಂಜಿನಿಯರ್, ಅವರೂ ತಮ್ಮ ಕೆಲಸ ಬಿಟ್ಟು ಆಸ್ಪತ್ರೆ ಪ್ಲಾನಿಂಗ್ ಓದಿದ್ರು! 1974ರಲ್ಲಿ ಕನೆಕ್ಟಿಕಟ್‌ನಲ್ಲಿ ಮನೆಗೇ ಹೋಗಿ ನೋಡ್ಕೊಳ್ಳೋ ಹಾಸ್ಪಿಸ್ ಸೇವೆ, 1980ರಲ್ಲಿ ಬ್ರಾನ್‌ಫರ್ಡ್‌ನಲ್ಲಿ 44 ಬೆಡ್‌ನ ಸ್ವಂತ ಬಿಲ್ಡಿಂಗ್. ಅಮೆರಿಕದಲ್ಲಿ ಆ ಥರದ್ದು ಅದೇ ಮೊದಲು. 1982ರಲ್ಲಿ ಅಲ್ಲಿನ ಸರ್ಕಾರ ಮೆಡಿಕೇರ್‌ನಲ್ಲೇ (ಮುಖ್ಯವಾಗಿ ವಯಸ್ಸಾದೋರಿಗೆ ಇರೋ ಸರ್ಕಾರಿ ಆರೋಗ್ಯ ವಿಮೆ) ಹಾಸ್ಪಿಸ್‌ಗೆ ದುಡ್ಡು ಕೊಡೋ ಕಾನೂನು ತಂತು. ನಮ್ಮ ಬೆಂಗಳೂರಲ್ಲಿ ಮಾರತಹಳ್ಳಿ ಹತ್ರ ಕರುಣಾಶ್ರಯ ಇದೆಯಲ್ಲ, ಕ್ಯಾನ್ಸರ್‌ನ ಕೊನೆ ಹಂತದೋರನ್ನ ಫ್ರೀಯಾಗಿ ನೋಡ್ಕೊಳ್ಳೋ ಜಾಗ, ಅದರ ಬೇರೂ ಸಾಂಡರ್ಸ್ ಶುರು ಮಾಡಿದ ಆ ಹಾಸ್ಪಿಸ್ ಚಳವಳಿಲೇ ಇದೆ.

ವಾಲ್ಡ್ ಡೀನ್ ಕುರ್ಚಿ ಬಿಟ್ಟಿದ್ದನ್ನ 'ತ್ಯಾಗ' ಅಂತ ಹೇಳೋರಿದಾರೆ, ನಾನು ಒಪ್ಪಲ್ಲ. ಸರ್ಜನ್ ಒಬ್ರು ಬಂದು ನರ್ಸ್ ಜೊತೆ ಸಮಸಮ ಕೂತು ಮಾತಾಡಿದ್ರಲ್ಲಿ ಆ ಡೀನ್ ಹೆಸರಿನ ತೂಕ ಇದ್ದೇ ಇರುತ್ತೆ, ಸುಮ್ನೆ ಒಬ್ಬ ಸ್ಟಾಫ್ ನರ್ಸ್ ಕರೆದಿದ್ರೆ ಬರ್ತಿದ್ರಾ? ನಂಗೆ ಇಷ್ಟ ಆಗೋದು ಏನಂದ್ರೆ, ಆ ತೂಕನ ಅವರು ಎಲ್ಲಿ ಖರ್ಚು ಮಾಡಿದ್ರು ಅನ್ನೋದು. ನಮ್ಮ ಫೀಲ್ಡಲ್ಲಿ ಪ್ರಮೋಷನ್ ಅಂದ್ರೆ ಬೆಡ್‌ನಿಂದ ದೂರ ಹೋಗೋದು. ಪ್ರೊಫೆಸರ್ ಆದ್ರೆ ವಾರ್ಡ್ ಕಾಣೋದು ಇನ್‌ಸ್ಪೆಕ್ಷನ್ ದಿನ, ಪ್ರಿನ್ಸಿಪಾಲ್ ಆದ್ರೆ ಅದೂ ಇಲ್ಲ, ಫೈಲು, ಅಫಿಲಿಯೇಷನ್ನು, ಅಟೆಂಡೆನ್ಸ್ ಶಾರ್ಟೇಜು.

ವಯಸ್ಸಾದ್ಮೇಲೂ ಸುಮ್ನೆ ಕೂರ್ಲಿಲ್ಲ ವಾಲ್ಡ್ ಮೇಡಂ. 90ರ ದಶಕದಲ್ಲಿ, ಎಂಬತ್ತರ ಹತ್ರ ಬಂದಾಗ, ಜೈಲಲ್ಲಿ ಸಾಯ್ತಿರೋ ಕೈದಿಗಳನ್ನ ಯಾರು ನೋಡ್ಕೋತಾರೆ ಅನ್ನೋದು ಅವರ ತಲೆಗೆ ಹೊಕ್ಕಿತು. ಹೊರಗಿಂದ ಅಷ್ಟು ಸಿಬ್ಬಂದಿ ತರೋಕೆ ಎಲ್ಲಾಗುತ್ತೆ, ಅದಕ್ಕೆ ಜೊತೆ ಕೈದಿಗಳಿಗೇ ಟ್ರೈನಿಂಗ್ ಕೊಟ್ಟು ವಾಲಂಟಿಯರ್ ಮಾಡೋ ಕೆಲಸಕ್ಕೆ ಕೈ ಹಾಕಿದ್ರು. ಅದರಿಂದ ಸಾಯೋರಿಗಷ್ಟೇ ಅಲ್ಲ, ನೋಡ್ಕೊಳ್ಳೋ ಕೈದಿಗೂ ಒಳ್ಳೇದಾಗುತ್ತೆ ಅನ್ನೋದು ಅವರ ವಾದ. 2008ರಲ್ಲಿ, 91ನೇ ವಯಸ್ಸಲ್ಲಿ ತೀರ್ಕೊಂಡ್ರು. ಅಷ್ಟೊತ್ತಿಗೆ ಅಮೆರಿಕದಲ್ಲಿ ಸಾವಿರಾರು ಹಾಸ್ಪಿಸ್‌ಗಳಾಗಿದ್ವು.