ಐಪ್ಟೇಸಿಯಾಕ್ಕೆ ಯಾವ ಮೀನು?

ಬೆಳಗಾವಿಯ ಟಿಳಕವಾಡಿಯ ಮನೆಯಲ್ಲಿ ಹವಳದ ಟ್ಯಾಂಕ್ ಇದೆ ಅಂದ್ರೆ ಎಲ್ಲರೂ ಕೇಳೋದು ಒಂದೇ: ಸಮುದ್ರದ ನೀರು ಗೋವಾದಿಂದ ತರ್ತೀರಾ? ಇಲ್ಲ, ಆರ್‌ಓ ನೀರಿಗೆ ರೀಫ್ ಸಾಲ್ಟ್ (ಹವಳದ ಟ್ಯಾಂಕಿನ ಉಪ್ಪು) ಬೆರೆಸುತ್ತೇನೆ. ನಿಜವಾದ ತಲೆನೋವು ಐಪ್ಟೇಸಿಯಾ. ಕಂದು ಬಣ್ಣದ ಪುಟ್ಟ ಅನಿಮೋನ್, ಅಂದ್ರೆ ಹೂವಿನಂತೆ ಕಾಣೋ ಸಮುದ್ರಜೀವಿ; ಪಕ್ಕದ ಹವಳವನ್ನು ಕುಟುಕುತ್ತದೆ. ಕಿತ್ತರೆ ಬುಡದಲ್ಲಿ ಉಳಿದ ಚೂರಿನಿಂದಲೇ ಮತ್ತೆ ಬೆಳೆಯುತ್ತದೆ. ಥೇಟ್ ರಕ್ತಬೀಜಾಸುರ!

ಅದಕ್ಕೇ ಕಾಪರ್‌ಬ್ಯಾಂಡ್ ಬಟರ್‌ಫ್ಲೈ ಮೀನು ತಂದೆ. ಉದ್ದ ಮೂತಿ, ಕಲ್ಲಿನ ಸಂದಿಗೂ ತೂರುತ್ತದೆ. ಆದರೆ ಎಲ್ಲ ಕಾಪರ್‌ಬ್ಯಾಂಡೂ ಐಪ್ಟೇಸಿಯಾ ತಿನ್ನುತ್ತದೆ ಅನ್ನೋ ಗ್ಯಾರಂಟಿ ಇಲ್ಲ. ಊಟದ ವಿಷಯದಲ್ಲಿ ಬಲು ಹಠಮಾರಿ. ನಮ್ಮದು ಮೊದಲು ಏನೂ ಮುಟ್ಟಲಿಲ್ಲ. ಮಾರ್ಕೆಟ್‌ನಿಂದ ತಿಸ್ರೆ ಅನ್ನೋ ಚಿಪ್ಪುಜೀವಿ ತಂದು, ಚಿಪ್ಪು ಬಿಡಿಸಿ ಒಳಗಿಟ್ಟೆ. "ನಮಗಿಲ್ಲದ ತಿಸ್ರೆ ಮೀನಿಗೇನು?" ಅಂತ ಅವ್ವ ಗೊಣಗಿದಳು. ಅದರ ರುಚಿ ಹತ್ತಿದ ಮೇಲೆ ಕಲ್ಲು ಹೆಕ್ಕಲು ಶುರು ಮಾಡಿತು. ಸಣ್ಣ ಐಪ್ಟೇಸಿಯಾ ಎಲ್ಲ ಖಾಲಿ. ಜೊತೆಗೆ ಪುಕ್ಕದ ಕುಂಚದಂಥ ಚೆಂದದ ಫೆದರ್ ಡಸ್ಟರ್ ಹುಳಗಳೂ ಖಾಲಿ ಅನ್ನಿ!

ಗೆಳೆಯನೊಬ್ಬ ಟ್ಯಾಂಕಿಗೆ ಬ್ರಿಸಲ್‌ಟೇಲ್ ಫೈಲ್‌ಫಿಶ್ ಅನ್ನೋ ಮೀನು ಬಿಡು ಅಂತಾನೆ. ಅದೂ ಐಪ್ಟೇಸಿಯಾ ತಿನ್ನುತ್ತದೆ, ಆದರೆ ಅವುಗಳಲ್ಲಿ ಕೆಲವು ಮೀನು ಹವಳಕ್ಕೂ ಬಾಯಿ ಹಾಕುತ್ತವೆ. ನನಗೆ ಅಷ್ಟು ಧೈರ್ಯ ಇಲ್ಲಪ್ಪ. ಟ್ಯಾಂಕಿನ ಇನ್ನೊಂದು ಪೀಡೆ ಚಪ್ಪಟೆ ಹುಳ; ಅದರ ಕಾಟಕ್ಕೆ ಸಿಕ್ಸ್‌ಲೈನ್ ರಾಸ್ ಅನ್ನೋ ಮೀನು ಇಡುವವರಿದ್ದಾರೆ. ಅದು ಜಗಳಗಂಟ, ಆಮೇಲೆ ಬಂದ ಸಾಧು ಮೀನುಗಳನ್ನು ಅಟ್ಟಾಡಿಸುತ್ತದೆ. ಬಿಡೋದಾದ್ರೆ ಎಲ್ಲಕ್ಕಿಂತ ಕೊನೆಗೆ ಬಿಡಿ.