ಬಿಎಕ್ಸ್ ಕೆಲಸ: ಎಂಜಿನ್ ಸಾಮಾನು ಸಿಗುತ್ತೆ, ರಬ್ಬರ್ ಸಿಗಲ್ಲ

ನನ್ನ ಹಳೇ ಫ್ರೆಂಚ್ ಕಾರು, ಸಿಟ್ರೊಯೆನ್ ಬಿಎಕ್ಸ್ ಡೀಸೆಲ್, ಇನ್ನೂ ಸ್ಟ್ಯಾಂಡ್ ಮೇಲೆಯೇ ನಿಂತಿದೆ. ಆದರೂ ಹೋದ ಸಲ ಬರೆದದ್ದಕ್ಕಿಂತ ಕೆಲಸ ತುಂಬಾ ಮುಂದೆ ಬಂದಿದೆ. ಟೈಮಿಂಗ್ ಬೆಲ್ಟ್ ಸೆಟ್ ಬಂತು. ಸಸ್ಪೆನ್ಷನ್ನಿನ ಗ್ಯಾಸ್ ಗೋಳಗಳು, ಅಂದ್ರೆ ಸ್ಫಿಯರ್‌ಗಳು ಬಂದವು. ಹಿಂದಿನ ಚಕ್ರ ಹಿಡಿಯುವ ಆರ್ಮ್‌ನ ಬೇರಿಂಗ್ ಕೂಡ ಸಿಕ್ಕಿತು. ದೊಡ್ಡದಾಗಿ ಬಾಕಿ ಇರೋದು ರಿಟರ್ನ್ ಪೈಪುಗಳು ಮತ್ತು ಒಂದಿಷ್ಟು ಸ್ಟೀಲ್ ಪೈಪು.

ಹೊಸದಾಗಿ ಓದುತ್ತಿರುವವರಿಗೆ ಎರಡು ಮಾತು. ಬಿಎಕ್ಸ್ 1982ರಲ್ಲಿ ಬಂತು, 1994ರಲ್ಲಿ ನಿಂತಿತು. ಆ ಚೂಪು ಗೆರೆಗಳ ಬಾಡಿ ಇಟಲಿಯ ವಿನ್ಯಾಸ ಸಂಸ್ಥೆ ಬರ್ಟೋನೆಯಲ್ಲಿದ್ದ ಮಾರ್ಚೆಲ್ಲೊ ಗಾಂಡಿನಿ ಅವರದು. ಒಟ್ಟು ಸುಮಾರು 23 ಲಕ್ಷ ಕಾರು ತಯಾರಾದವು. ಇಷ್ಟೊಂದು ಮಾಡಿದ ಕಾರಿಗೆ ಸಾಮಾನಿಗೇನು ಬರ ಅನ್ನಿಸುತ್ತದೆ ಅಲ್ವಾ? ಹುಡುಕೋಕೆ ಕೂತರೆ ಗೊತ್ತಾಗುತ್ತದೆ. ಬೇರೆ ಕಾರುಗಳಲ್ಲೂ ಬಳಸಿದ ಸಾಮಾನು ಇವತ್ತಿಗೂ ಹೊಸದೇ ಸಿಗುತ್ತದೆ. ಬಿಎಕ್ಸ್‌ಗೆ ಅಂತಲೇ ಅಚ್ಚು ಹಾಕಿದ್ದು, ಅದರಲ್ಲೂ ರಬ್ಬರಿನದು, ಮೊದಲು ಮಾಯವಾಗುತ್ತದೆ. ಹಾಗಾಗಿ ಏನೇ ಹಾಳಾಗಲಿ, ನಾನು ಮೊದಲು ನೋಡೋದು ಇದು ಇನ್ನು ಯಾವ ಕಾರಿನಲ್ಲಿ ಬಂದಿತ್ತು ಅಂತ.

ಎಂಜಿನ್ ವಿಷಯದಲ್ಲಿ ಈ ಕಾರಿನ ಅದೃಷ್ಟ ಚೆನ್ನಾಗಿದೆ. ಒಳಗಿರೋದು ಪ್ಯೂಜೊ-ಸಿಟ್ರೊಯೆನ್ ಕೂಟದ ಎಕ್ಸ್‌ಯುಡಿ9, 1905 ಸಿಸಿ. ಇದೇ ಎಂಜಿನ್ ಪ್ಯೂಜೊ 309, 405, 306ರಲ್ಲಿ ಬಂತು. ಸಿಟ್ರೊಯೆನ್ ಝಡ್‌ಎಕ್ಸ್‌ನಲ್ಲಿ ಬಂತು. ಶುರುವಿನ ಬೆರ್ಲಿಂಗೊ ವ್ಯಾನಿನಲ್ಲೂ ಇತ್ತು. ವ್ಯಾನುಗಳು ಇನ್ನೂ ಓಡುತ್ತಿರುವುದರಿಂದ ಬೆಲ್ಟ್, ಟೆನ್ಷನರ್, ವಾಟರ್ ಪಂಪ್, ಗ್ಯಾಸ್ಕೆಟ್ ಎಲ್ಲಾ ಸಲೀಸಾಗಿ ಸಿಕ್ಕವು. ಈ ಎಂಜಿನ್‌ನಲ್ಲಿ ವಾಟರ್ ಪಂಪನ್ನು ತಿರುಗಿಸೋದೂ ಟೈಮಿಂಗ್ ಬೆಲ್ಟೇ. ಬೆಲ್ಟ್ ತೆಗೆದಾಗಲೇ ಪಂಪೂ ಬದಲಾಯಿಸಬೇಕು, ಇಲ್ಲದಿದ್ದರೆ ಅದೇ ಕೆಲಸ ಮತ್ತೆ ಮೊದಲಿಂದ.

ಒಂದು ಕಡೆ ಮಾತ್ರ ಎಚ್ಚರ ಬೇಕು. ಡೀಸೆಲ್ ಇಂಜೆಕ್ಷನ್ ಪಂಪ್ ಕೆಲವು ಕಾರಿಗೆ ಬಾಷ್ ಬಂದಿದೆ, ಕೆಲವಕ್ಕೆ ಲೂಕಾಸ್-ಸಿಎವಿ ಬಂದಿದೆ. ಒಂದರ ಸೀಲ್ ಕಿಟ್ ಇನ್ನೊಂದಕ್ಕೆ ಆಗಲ್ಲ. ಕಾರಿನ ವರ್ಷ ಹೇಳಿ ತರಿಸೋದಕ್ಕಿಂತ ಪಂಪಿನ ಮೇಲಿನ ತಗಡಿನ ಪಟ್ಟಿಯನ್ನು ಒರೆಸಿ, ಅದರ ಫೋಟೋ ತೆಗೆದು ಕಳಿಸೋದು ಒಳ್ಳೆಯದು.

ಗೇರ್‌ಬಾಕ್ಸಿಗೂ ಇದೇ ಮಾತು. 1989ರ ಸುಮಾರಿಗೆ ಬಿಇ1 ಹೋಗಿ ಬಿಇ3 ಬಂತು. ರಿವರ್ಸ್ ಬೀಳುವ ಜಾಗವೇ ಬದಲಾಯಿತು. ಅದಕ್ಕೂ ಮೊದಲು 1986ರಲ್ಲಿ ಡ್ಯಾಶ್‌ಬೋರ್ಡ್, ಬಂಪರ್, ಮುಂದಿನ ಇಂಡಿಕೇಟರ್ ಬದಲಾಗಿದ್ದವು. ಬಿಎಕ್ಸ್ ಅನ್ನೋ ಒಂದೇ ಹೆಸರಿನ ಕೆಳಗೆ ಇಷ್ಟೆಲ್ಲಾ ಇದೆ. ಚಾಸಿ ನಂಬರಿನ ಜೊತೆ ಆರ್ಗಾ ನಂಬರ್ ಅಂತ ಇನ್ನೊಂದು ಇರುತ್ತದೆ. ಕಾರು ಯಾವಾಗ ತಯಾರಾಯಿತು ಅನ್ನೋದನ್ನ ಅದು ಹೇಳುತ್ತದೆ. ವರ್ಷದ ನಡುವೆ ಬದಲಾದ ಸಾಮಾನನ್ನು ಕ್ಯಾಟಲಾಗಿನಲ್ಲಿ ಗುರುತಿಸೋದೇ ಅದರಿಂದ. ಅದನ್ನ ಬರೆದಿಟ್ಟುಕೊಂಡ ಮೇಲೆ ನನ್ನ ಹುಡುಕಾಟ ಎಷ್ಟೋ ಹಗುರವಾಯಿತು.

ಈಗ ಸಸ್ಪೆನ್ಷನ್. ಈ ಕಾರನ್ನು ನಾನು ಇಷ್ಟಪಡೋದೇ ಇದಕ್ಕೆ.

ಬಿಎಕ್ಸ್‌ನಲ್ಲಿ ಸ್ಪ್ರಿಂಗ್ ಇಲ್ಲ. ಚಕ್ರಕ್ಕೊಂದು ಸ್ಟೀಲ್ ಗೋಳ ಇರುತ್ತದೆ, ಅದೇ ಸ್ಫಿಯರ್. ಒಳಗೆ ನಡುವೆ ಒಂದು ರಬ್ಬರ್ ಪೊರೆ. ಪೊರೆಯ ಒಂದು ಬದಿಗೆ ಒತ್ತಡದ ನೈಟ್ರೋಜನ್, ಇನ್ನೊಂದು ಬದಿಗೆ ಹಸಿರು ಬಣ್ಣದ ಎಲ್‌ಎಚ್‌ಎಂ ಆಯಿಲ್. ಗುಂಡಿ ಬಂದಾಗ ಆಯಿಲ್ ಗೋಳದೊಳಗೆ ನುಗ್ಗಿ ಗ್ಯಾಸನ್ನು ಒತ್ತುತ್ತದೆ. ಸ್ಪ್ರಿಂಗಿನ ಕೆಲಸ ಗ್ಯಾಸಿನದು. ವರ್ಷಗಳು ಕಳೆದ ಹಾಗೆ ನೈಟ್ರೋಜನ್ ಆ ಪೊರೆಯ ಮೂಲಕವೇ ನಿಧಾನವಾಗಿ ಸೋರುತ್ತದೆ. ಆಗ ಸವಾರಿ ಗಡುಸಾಗುತ್ತದೆ. ಹಿಂದಿನ ಬಂಪರ್ ಒತ್ತಿದರೆ ಕಾರು ಅಲ್ಲಾಡೋದೇ ಇಲ್ಲ.

ನಾಲ್ಕು ಚಕ್ರದ್ದಲ್ಲದೆ ಇನ್ನೊಂದು ಗೋಳ ಮುಂದೆ ಪ್ರೆಷರ್ ರೆಗ್ಯುಲೇಟರಿಗೆ ಸೇರಿಕೊಂಡಿದೆ. ಅದು ಅಕ್ಯುಮುಲೇಟರ್. ಒತ್ತಡ ಸುಮಾರು 145 ಬಾರ್‌ಗೆ ಇಳಿದರೆ ರೆಗ್ಯುಲೇಟರ್ ಎಲ್‌ಎಚ್‌ಎಂ ಪಂಪನ್ನು ಕೆಲಸಕ್ಕೆ ಹಚ್ಚುತ್ತದೆ, 170ರ ಹತ್ತಿರ ಬಂದಾಗ ಬಿಡಿಸುತ್ತದೆ. ಪ್ರತಿ ಸಲವೂ ಟಕ್ ಅಂತ ಒಂದು ಸದ್ದು ಬರುತ್ತದೆ. ನನ್ನ ಕಾರಿನ ಎಂಜಿನ್ ಸುಮ್ನೆ ಐಡಲಿನಲ್ಲಿ ಬಿಟ್ಟು ಬಾನೆಟ್ ತೆಗೆದು ಕಿವಿಗೊಟ್ಟರೆ ಟಕ್, ಟಕ್, ಟಕ್ ಅಂತ ಕೆಲವೇ ಸೆಕೆಂಡಿಗೊಮ್ಮೆ ಕೇಳುತ್ತಿತ್ತು. ಸ್ಟೀರಿಂಗ್ ಮುಟ್ಟಿಲ್ಲ, ಬ್ರೇಕ್ ಒತ್ತಿಲ್ಲ. ಅಕ್ಯುಮುಲೇಟರಿನಲ್ಲಿ ಗ್ಯಾಸ್ ಉಳಿದಿಲ್ಲ ಅನ್ನೋಕೆ ಇಷ್ಟು ಸಾಕು. ಬ್ರೇಕಿಗೂ ಇದೇ ಒತ್ತಡ ಬೇಕಾಗಿರೋದರಿಂದ ಇದನ್ನ ಮುಂದೂಡುವ ಪ್ರಶ್ನೆಯೇ ಇರಲಿಲ್ಲ.

ಖುಷಿಯ ವಿಷಯ ಅಂದ್ರೆ ಸ್ಫಿಯರ್‌ಗಳು ಇವತ್ತಿಗೂ ಹೊಸದಾಗಿ ತಯಾರಾಗುತ್ತಿವೆ. ಹಳೆಯದರ ಪೊರೆ ಚೆನ್ನಾಗಿದ್ದರೆ ಮತ್ತೆ ನೈಟ್ರೋಜನ್ ತುಂಬಿಸಿಕೊಡುವವರೂ ಇದ್ದಾರೆ. ಆದರೆ ತರಿಸುವಾಗ ಒಂದು ವಿಷಯ ಗೊತ್ತಿರಬೇಕು. ಬೇರೆ ಸಿಟ್ರೊಯೆನ್‌ಗಳ ಸ್ಫಿಯರ್ ಕೂಡ ಎಷ್ಟೋ ಸಲ ಇದರ ಥ್ರೆಡ್ಡಿಗೆ ಸರಿಯಾಗಿ ಕೂರುತ್ತದೆ. ಕೂತ ಮಾತ್ರಕ್ಕೆ ಅದು ಸರಿಯಾದದ್ದು ಅಂತ ಅಲ್ಲ. ಗೋಳದ ಕುತ್ತಿಗೆಯಲ್ಲಿ ಒಂದು ಪುಟ್ಟ ಡ್ಯಾಂಪರ್ ವಾಲ್ವ್ ಇದೆ, ಅದೇ ಶಾಕ್ ಅಬ್ಸಾರ್ಬರ್. ಅದರ ತೂತಿನ ಅಳತೆ ಮತ್ತು ಗ್ಯಾಸಿನ ಒತ್ತಡ ಮಾಡೆಲಿಂದ ಮಾಡೆಲಿಗೆ ಬೇರೆ. ಮುಂದಿನದ್ದೇ ಬೇರೆ, ಹಿಂದಿನದ್ದೇ ಬೇರೆ. ನಾನು ಹಳೆಯ ಗೋಳದ ಮೇಲಿನ ಗುರುತುಗಳನ್ನ ಕ್ಯಾಟಲಾಗಿನ ಜೊತೆ ತಾಳೆ ನೋಡಿ, ಆಮೇಲೆ ತರಿಸಿದೆ. ಬಂದವು ಎಲ್ಲಾ ಸರಿಯಾಗಿವೆ.

ಬಿಚ್ಚುವ ಮುಂಚೆ ರೆಗ್ಯುಲೇಟರಿನ ಬ್ಲೀಡ್ ಸ್ಕ್ರೂ ಸಡಿಲಿಸಿ ಒತ್ತಡ ಇಳಿಸಬೇಕು. ಆಗ ಇಡೀ ಕಾರು ನೆಲದ ಕಡೆ ಕುಸಿಯುತ್ತದೆ. ಸ್ಟ್ಯಾಂಡ್ ಕೊಡದೆ ಇದರ ಕೆಳಗೆ ಯಾರೂ ತಲೆ ಹಾಕಬೇಡಿ, ದಯವಿಟ್ಟು.

ಇನ್ನು ರಬ್ಬರಿನ ಕಥೆ. ಎಲ್‌ಎಚ್‌ಎಂ ಖನಿಜ ತೈಲ. ಮಾಮೂಲಿ ಬ್ರೇಕ್ ಆಯಿಲ್, ಅಂದ್ರೆ ಡಾಟ್ 4, ಪೂರ್ತಿ ಬೇರೆ ಜಾತಿ. ಮಾಮೂಲಿ ಬ್ರೇಕಿನ ಸೀಲುಗಳು ಸಾಮಾನ್ಯವಾಗಿ ಇಪಿಡಿಎಂ ರಬ್ಬರಿನವು. ಅವು ಡಾಟ್ 4ರಲ್ಲಿ ಗಟ್ಟಿಮುಟ್ಟಾಗಿರುತ್ತವೆ, ಖನಿಜ ತೈಲ ತಾಗಿದರೆ ಊದಿಕೊಳ್ಳುತ್ತವೆ. ಎಲ್‌ಎಚ್‌ಎಂಗೆ ನೈಟ್ರೈಲ್ ರಬ್ಬರ್ ಬೇಕು. ಎರಡೂ ಕಪ್ಪಗಿರುತ್ತವೆ, ಕಣ್ಣಿಗೆ ವ್ಯತ್ಯಾಸವೇ ಕಾಣಲ್ಲ.

ಅದಕ್ಕೇ ಬಂದ ಪ್ರತಿ ಪೊಟ್ಟಣದಿಂದ ಒಂದು ಓ-ರಿಂಗ್ ತೆಗೆದು ಪರೀಕ್ಷೆಗೆ ಹಾಕುತ್ತಿದ್ದೇನೆ. ಮುಚ್ಚಳ ಇರುವ ಗಾಜಿನ ಬಾಟಲಿಯಲ್ಲಿ ಎಲ್‌ಎಚ್‌ಎಂ. ಮುಳುಗಿಸುವ ಮುಂಚೆ ವರ್ನಿಯರ್‌ನಿಂದ ದಪ್ಪ ಅಳೆದು ಬಾಟಲಿ ಮೇಲೆ ಬರೆಯುತ್ತೇನೆ. ಕೆಲವು ದಿನ ಬಿಟ್ಟು ತೆಗೆದು, ಒರೆಸಿ, ಮತ್ತೆ ಅಳೆಯುತ್ತೇನೆ. ನೈಟ್ರೈಲ್ ಅಂತ ಮಾರಿದ ಒಂದು ಪೊಟ್ಟಣದ ರಿಂಗ್ ಹೊರಗೆ ಬಂದಾಗ ಉಬ್ಬಿ ಮೆತ್ತಗಾಗಿತ್ತು. ಬೆರಳಲ್ಲಿ ಹಿಂಡಿದರೆ ಜಾರುತ್ತಿತ್ತು. ಅದು ಸ್ಟೀರಿಂಗಿನಲ್ಲೋ ಬ್ರೇಕ್ ವಾಲ್ವಿನಲ್ಲೋ ಕೂತಿದ್ದರೆ ಏನಾಗುತ್ತಿತ್ತು ಅಂತ ಯೋಚಿಸಿದರೇ ಭಯವಾಗುತ್ತದೆ. ಆ ಪೊಟ್ಟಣ ಪೂರ್ತಿ ಪಕ್ಕಕ್ಕಿಟ್ಟೆ. ಉಳಿದವು ಅಳತೆ ಬಿಟ್ಟು ಕದಲಲಿಲ್ಲ.

ಹಳೇ ಸ್ಟಾಕಿನ ಅಸಲಿ ರಬ್ಬರ್ ಬಗ್ಗೆಯೂ ನನಗೆ ಈಗ ಅಷ್ಟು ಆಸೆ ಇಲ್ಲ. ಕಂಪನಿಯ ಪೆಟ್ಟಿಗೆ, ಕಂಪನಿಯ ನಂಬರ್ ನೋಡಿದರೆ ಮನಸ್ಸು ಹಿಗ್ಗುತ್ತದೆ, ನಿಜ. ಆದರೆ ರಬ್ಬರಿಗೆ ಪೆಟ್ಟಿಗೆಯೊಳಗೇ ವಯಸ್ಸಾಗುತ್ತದೆ. ಅಚ್ಚಿನಲ್ಲಿ ಮಾಡಿದ ಎಷ್ಟೋ ಸಾಮಾನಿನ ಮೇಲೆ ಒಂದು ಸಣ್ಣ ವೃತ್ತ, ಸುತ್ತ ತಿಂಗಳ ಅಂಕಿ, ನಡುವೆ ಬಾಣದ ಗುರುತು ಮತ್ತು ವರ್ಷ ಇರುತ್ತದೆ. ಮಾರುವವರ ಹತ್ತಿರ ಅದರ ಫೋಟೋ ಕೇಳಿ. ಜೊತೆಗೆ ಪೈಪನ್ನು ಬಗ್ಗಿಸಿ ಹಿಡಿದ ಫೋಟೋನೂ ಕೇಳಿ. ಬಗ್ಗಿಸಿದ ಜಾಗದಲ್ಲಿ ಕೂದಲೆಳೆ ಬಿರುಕು ಕಂಡರೆ ಬೇಡ.

ಈಗ ಆಕ್ಟೋಪಸ್. ಸಿಟ್ರೊಯೆನ್ ಇಟ್ಟುಕೊಂಡವರೆಲ್ಲ ಹೀಗೇ ಕರೆಯೋದು. ಕೆಲಸ ಮುಗಿಸಿದ ಆಯಿಲ್ ಟ್ಯಾಂಕಿಗೆ ವಾಪಸ್ ಬರೋಕೆ ಹಲವು ಕವಲಿನ ಒಂದು ರಬ್ಬರ್ ಪೈಪ್ ಇದೆ. ಒಂದೇ ಅಚ್ಚಿನಲ್ಲಿ ಮಾಡಿದ್ದು. ಒಂದೊಂದು ಕವಲಿನ ಸೈಜೂ ಬೇರೆ. ನನ್ನದು ಕವಲು ಒಡೆಯುವ ಸಂದಿಯಲ್ಲೇ ಸೀಳಿತ್ತು. ಬೆರಳಿಟ್ಟರೆ ಕಪ್ಪು ಪುಡಿ ಕೈಗೆ ಹತ್ತುತ್ತಿತ್ತು, ಕೆಳಗಿನ ಲೋಹವೆಲ್ಲ ಹಸಿರು ಜಿಡ್ಡು. ಕಂಪನಿಯ ಕೌಂಟರಿನಲ್ಲಿ ಇದು ನಿಂತು ಹೋಗಿದೆ. ಹಳೇ ಮಾಡೆಲುಗಳ ಸಾಮಾನು ನೋಡಿಕೊಳ್ಳುವ ಲಾವಂಚ್ಯೂರ್ ಪ್ಯೂಜೊ ಸಿಟ್ರೊಯೆನ್ ಡಿಎಸ್ ಅನ್ನೋ ಸಂಸ್ಥೆ ಫ್ರಾನ್ಸಿನಲ್ಲಿದೆ, ಅವರು ಕೆಲವು ಸಾಮಾನನ್ನ ಮತ್ತೆ ಮಾಡಿಸುತ್ತಾರೆ ಕೂಡ. ಆದರೆ ನನ್ನ ಕಾರಿಗೆ ಹೊಂದುವ ಆಕ್ಟೋಪಸ್ ನಾನು ನೋಡಿದ ಎಲ್ಲೂ ಹೊಸದಾಗಿ ಸಿಗಲಿಲ್ಲ.

ಇಲ್ಲಿ ಒಂದು ಅನುಕೂಲ ಇದೆ. ಅದರಲ್ಲಿ ಹರಿಯೋದು ಒತ್ತಡ ಕಳೆದುಕೊಂಡು ವಾಪಸ್ ಬರುವ ಆಯಿಲ್. 170 ಬಾರ್ ತಡೆಯಬೇಕಾಗಿಲ್ಲ. ಎಣ್ಣೆ ತಡೆಯುವ ನೈಟ್ರೈಲ್ ಪೈಪು, ಟಿ ಆಕಾರದ ಜಾಯಿಂಟು ಮತ್ತು ಕ್ಲಿಪ್ ಇದ್ದರೆ ಕೈಯಲ್ಲೇ ಕಟ್ಟಬಹುದು. ಹಳೆಯದನ್ನು ಹರಿಯದ ಹಾಗೆ ಬಿಡಿಸಿ, ಒಂದು ಹಲಗೆ ಮೇಲೆ ಹರಡಿ, ಸುತ್ತ ಪೆನ್ಸಿಲಿನಲ್ಲಿ ಗೆರೆ ಎಳೆದೆ. ಪ್ರತಿ ಕವಲಿನ ಒಳವ್ಯಾಸ, ಉದ್ದ, ಅದು ಎಲ್ಲಿಂದ ಬರುತ್ತದೆ ಅನ್ನೋದನ್ನ ಪಕ್ಕದಲ್ಲೇ ಬರೆದೆ. ಆ ಹಲಗೆಯೇ ಈಗ ನನ್ನ ನಕ್ಷೆ. ಪೈಪು, ಜಾಯಿಂಟು ಎರಡೂ ಬಂದಿವೆ. ಬಾಟಲಿ ಪರೀಕ್ಷೆಯಲ್ಲೂ ಪೈಪ್ ಪಾಸಾಯಿತು. ಕಟ್ಟೋದು ಬಾಕಿ.

ಒತ್ತಡದ ಕಡೆಯ ಪೈಪುಗಳಲ್ಲಿ ಇಂಥ ಸ್ವಾತಂತ್ರ್ಯ ಇಲ್ಲ. ಅವು 3.5 ಮಿಲಿಮೀಟರ್ ಸ್ಟೀಲ್. ಮಾಮೂಲಿ ಬ್ರೇಕ್ ಪೈಪ್ 4.75 ಮಿಲಿಮೀಟರ್, ಹಾಗಾಗಿ ಎಲ್ಲೆಂದರಲ್ಲಿ ಸಿಗಲ್ಲ. ತುದಿಯ ಫ್ಲೇರಿನ, ಅಂದ್ರೆ ಉಬ್ಬಿಸಿದ ಅಂಚಿನ, ಆಕಾರವೂ ಸಿಟ್ರೊಯೆನ್‌ದೇ, ಅದರ ಮುಂದೆ ಒಂದು ಪುಟ್ಟ ರಬ್ಬರ್ ತೋಳು ಕೂತು ಸೀಲ್ ಮಾಡುತ್ತದೆ. ಆ ತೋಳುಗಳು ಸಲೀಸಾಗಿ ಸಿಗುತ್ತವೆ. ಹಿಂದಕ್ಕೆ ಹೋಗುವ ಪೈಪು ಕಾರಿನ ಅಡಿಯಲ್ಲಿ ತುಕ್ಕು ತಿಂದಿದೆ. ಈ ಫ್ಲೇರ್ ಮಾಡುವ ಟೂಲ್ ಇರುವವರಿಗೆ ಹಳೇ ಪೈಪನ್ನೇ ಮಾದರಿಯಾಗಿ ಕಳಿಸಿ ಮಾಡಿಸೋದು ಅಂತ ನಿರ್ಧರಿಸಿದ್ದೇನೆ. ಇದರಲ್ಲಿ ಅಂದಾಜಿನ ಕೆಲಸ ಬೇಡವೇ ಬೇಡ.

ಬೇರಿಂಗ್ ಬಗ್ಗೆ ಚುಟುಕಾಗಿ ಹೇಳಿಬಿಡುತ್ತೇನೆ. ಹಿಂದಿನ ಚಕ್ರದ ಮೇಲ್ತುದಿ ಒಳಕ್ಕೆ ವಾಲಿದ್ದರೆ ಬಿಎಕ್ಸ್‌ನಲ್ಲಿ ಆರ್ಮ್ ಬೇರಿಂಗ್ ಹೋಗಿದೆ ಅಂತಲೇ ಹೆಚ್ಚಾಗಿ ಅರ್ಥ. ಕಂಪನಿ ನಂಬರಿನಲ್ಲಿ ಹುಡುಕಿದರೆ ಒಂದೂ ಸಿಗಲಿಲ್ಲ. ಹಳೇ ಬೇರಿಂಗನ್ನು ಸೀಮೆಎಣ್ಣೆಯಲ್ಲಿ ತೊಳೆದು, ಟಾರ್ಚನ್ನು ಓರೆಯಾಗಿ ಹಿಡಿದಾಗ ಹೊರಗಿನ ಬಳೆಯ ಅಂಚಿನಲ್ಲಿ ಬೇರಿಂಗ್ ಮಾಡಿದವರ ನಂಬರೇ ಕಾಣಿಸಿತು. ಆ ನಂಬರಿಗೆ ತಕ್ಷಣ ಸಿಕ್ಕಿತು. ನಂಬರ್ ಅಳಿಸಿದ್ದರೂ ಪರವಾಗಿಲ್ಲ. ಒಳವ್ಯಾಸ, ಹೊರವ್ಯಾಸ, ಅಗಲ ಈ ಮೂರು ಅಳತೆ ಕೊಟ್ಟರೆ ಬೇರಿಂಗ್ ಮಾರುವವರು ಹುಡುಕಿಕೊಡುತ್ತಾರೆ. ಸೀಲುಗಳನ್ನೂ ಅದೇ ಥರ ತರಿಸಿದೆ.

ಬಾನೆಟ್ ಮತ್ತು ಹಿಂಬಾಗಿಲು ಫೈಬರ್ ಸೇರಿದ ಪ್ಲಾಸ್ಟಿಕ್, ತುಕ್ಕಿನ ಮಾತೇ ಇಲ್ಲ. ಬಾನೆಟ್ಟಿನ ಒಂದು ಮೂಲೆ ಸೀಳಿದೆ, ರೆಸಿನ್ ಮತ್ತು ಫೈಬರ್ ಬಟ್ಟೆ ಹಾಕಿ ಒಳಗಿಂದ ತೇಪೆ ಕೊಡಬಹುದು. ಒಳಗಿನ ಟ್ರಿಮ್ಮಿಗೆ ಬಳಸಿದ ಇನ್ನೊಂದು ಕಾರೇ ಗತಿ, ಅದಕ್ಕೆ ಅವಸರ ಇಲ್ಲ.

ಮುಂದಿನ ಕೆಲಸದ ಕ್ರಮ ಹೀಗಿದೆ. ಮೊದಲು ಹಿಂದಿನ ಆರ್ಮ್ ಎರಡೂ ವಾಪಸ್ ಕೂರಬೇಕು. ಆಮೇಲೆ ಆಕ್ಟೋಪಸ್ ಕಟ್ಟಿ, ಸ್ಟೀಲ್ ಪೈಪು ಬಂದ ಮೇಲೆ ಟ್ಯಾಂಕ್ ತೊಳೆದು ಹೊಸ ಎಲ್‌ಎಚ್‌ಎಂ ತುಂಬಬೇಕು. ಈ ನಡುವೆ ಕಾರಿನ ಎತ್ತರ ಕಾಯುವ ವಾಲ್ವಾದ ಹೈಟ್ ಕರೆಕ್ಟರಿನ ರಬ್ಬರ್ ಬೂಟುಗಳನ್ನ ಇನ್ನೂ ಹುಡುಕುತ್ತಿದ್ದೇನೆ. ಸಿಟ್ರೊಯೆನ್ ಕ್ಸಾಂಟಿಯಾ ಕಾರಿನ ಬೂಟು ಬಿಎಕ್ಸ್‌ಗೆ ಹಾಕಿ ನೋಡಿದವರು ಯಾರಾದರೂ ಇದ್ದರೆ ಅಳತೆ ತಿಳಿಸಿ, ತರಿಸುವ ಮುಂಚೆ ಹೋಲಿಸಿ ನೋಡುತ್ತೇನೆ.